ಬಸಳೆ ಚಪ್ಪರಕ್ಕೆ ಕಟ್ಟಿದ ಅರ್ತ್ ತಂತಿ

ಗುಡುಗಿನ ಕಾಲ ಬಂತೆಂದರೆ ಕುಂದಾಪುರದ ಹತ್ತಿರದ ನಮ್ಮ ಕೋಡಿಯಲ್ಲಿ ಯಾರದಾದರೂ ಮನೆಯ ಟಿವಿ ಹೋಯಿತು ಎಂದೇ ಲೆಕ್ಕ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಂದು ಸಲ, ದೀಪಾವಳಿ ಹೊತ್ತಿಗೆ ಮಳೆ ಹೋಗುವಾಗ ಇನ್ನೊಂದು ಸಲ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅದೇ ಮಾತು.

"ನಿಮ್ಮನಿದೆಂತ ಹೋಯ್ತ್?"

"ನಮ್ದ್ ಫ್ರಿಜ್ ಹೋಯ್ತ್ ಮಾರಾಯ್ತಿ. ನಿಮ್ದ್?"

ಸಿಡಿಲು ದೇವರು ಕೊಡುವುದು, ಅದಕ್ಕೆ ಯಾರೇನು ಮಾಡಲಾಗುತ್ತದೆ ಎಂದು ಹೇಳಿ ಎಲ್ಲರೂ ಕೊಡಪಾನ ಎತ್ತಿಕೊಂಡು ಹೋಗುತ್ತಿದ್ದೆವು. ನಾನೂ ಹಾಗೆಯೇ ಹೇಳುತ್ತಿದ್ದೆ, 2009ರ ಮೇ ತಿಂಗಳವರೆಗೆ.

ನನ್ನ ಹೆಸರು ಗಿರಿಜಾ. ಗಂಡ ಚಂದಯ್ಯ, ಬೋಟಿನಲ್ಲಿ ಮೀನಿಗೆ ಹೋಗುವವರು. ನಮ್ಮ ಸ್ವಸಹಾಯ ಸಂಘದವರು "ಗಿರಿಜಕ್ಕ, ನಿಮ್ಮ ಮನೆಯಲ್ಲಿ ಆದದ್ದನ್ನು ನೀವೇ ಬರೆದುಕೊಡಿ, ಎಲ್ಲ ಸಂಘಗಳಲ್ಲಿ ಓದಿಸುವ" ಎಂದರು. ಬರೆದಿದ್ದೇನೆ. ಬರೆಯುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೊಟ್ಟೆಕಿಚ್ಚಿನ ಹೆಂಗಸು. ಹೇಗೂ ಊರವರು ಹೇಳುತ್ತಾರೆ, ಅವರು ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಮಾವ ತೀರಿಕೊಂಡ ಮೇಲೆ ಜಾಗ ಎರಡು ಪಾಲಾಯಿತು. ದಕ್ಷಿಣಕ್ಕೆ ನಮ್ಮ ಮನೆ, ಉತ್ತರಕ್ಕೆ ಮೈದುನ ಶೇಖರನ ಮನೆ, ನಡುವೆ ತೆಂಗಿನ ಮಡಲಿನ ಬೇಲಿ. ಅಣ್ಣ ತಮ್ಮ ಒಂದೇ ಬೋಟಿಗೆ ಹೋಗುತ್ತಾರೆ, ಒಂದೇ ಬುತ್ತಿಯಲ್ಲಿ ಉಣ್ಣುತ್ತಾರೆ. ಅವರಿಗೆ ಒಂದು ದಿನ ಜಗಳವಿಲ್ಲ. ಜಗಳವೆಲ್ಲ ನನಗೆ ಮತ್ತು ಶೇಖರನ ಹೆಂಡತಿ ಸುಗುಣನಿಗೆ. ಅದೂ ಸುಳ್ಳು, ಜಗಳವೆಲ್ಲ ನನ್ನದೇ. ಅವಳು ಜಗಳಕ್ಕೆ ಬರುವವಳೇ ಅಲ್ಲ. ಅದೇ ನನಗೆ ಇನ್ನೂ ಸಿಟ್ಟು.

ಅವಳು ಇಪ್ಪತ್ತೊಂದು ಇಂಚಿನ ಟಿವಿ ತಂದಳು, ನಾನು ಇಪ್ಪತ್ತೊಂಬತ್ತು ಇಂಚಿನದು ತರಿಸಿದೆ. ಅವಳು ಒಂದು ಬಾಗಿಲಿನ ಫ್ರಿಜ್ ತಂದಳು, ನಾನು ಮೂರು ದಿನ ಗಂಡನ ಹತ್ತಿರ ಮಾತು ಬಿಟ್ಟು ಎರಡು ಬಾಗಿಲಿನದು ತರಿಸಿದೆ. ಫ್ರಿಜ್ ಇಳಿಸುವಾಗ ಬೇಕೆಂದೇ ಅವಳ ಮನೆಯ ಎದುರಿನಿಂದ ಹೊತ್ತು ತರಲು ಹೇಳಿದೆ. ಅವಳು ಬಂದು ನೋಡಿ ಬಾಗಿಲು ತೆರೆದು ಮುಚ್ಚಿ, "ಲಾಯ್ಕ್ ಇತ್ತ್ ಅಕ್ಕ, ಮೀನ್ ಇಡುಕೆ ಒಳ್ಳೆ ಜಾಗ ಇತ್ತ್" ಎಂದು ನಕ್ಕು ಹೋದಳು. ಮುಖದಲ್ಲಿ ಒಂದು ಎಳ್ಳಿನಷ್ಟು ಹೊಟ್ಟೆಕಿಚ್ಚಿಲ್ಲ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ಒಂದು ವಿಷಯದಲ್ಲಿ ನಾನು ಗೆದ್ದಿದ್ದೆ. ನಮ್ಮ ಅತ್ತೆ ಸೀತು ಇದ್ದದ್ದು ನನ್ನ ಮನೆಯಲ್ಲಿ. ಪಾಲಾದ ದಿನ "ನಾನ್ ಗಿರ್ಜನ ಒಟ್ಟಿಗೆ ಇರ್ತೆ" ಎಂದು ಅತ್ತೆ ತಾವಾಗಿ ಹೇಳಿದ್ದರು. ಅತ್ತೆಗೆ ಉಬ್ಬಸ. ತಂಡಿಯಾದರೆ, ಹೊಗೆ ತಾಗಿದರೆ ಉಸಿರು ಕಟ್ಟುತ್ತದೆ. ಕುಂದಾಪುರದ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಲು ಒಂದು ಮಿಷನ್ ಬರೆದುಕೊಟ್ಟಿದ್ದರು. ಅವರು ನೆಬ್ಯುಲೈಸರ್ ಎನ್ನುತ್ತಾರೆ, ನಾವು ಗಾಳಿ ಮಿಷನ್ ಎನ್ನುತ್ತೇವೆ. ಕರೆಂಟಿನಲ್ಲಿ ನಡೆಯುವಂಥದ್ದು. ಔಷಧಿ ಹಾಕಿ ಮೂಗು ಬಾಯಿಗೆ ಹಿಡಿದರೆ ಹತ್ತು ನಿಮಿಷದಲ್ಲಿ ಅತ್ತೆಯ ಉಸಿರು ಹಿಡಿತಕ್ಕೆ ಬರುತ್ತಿತ್ತು. ಯಾವಾಗ ಬೇಕಾಗುತ್ತದೋ ಎಂದು ಅದರ ಪ್ಲಗ್ ನಾನು ತೆಗೆಯುತ್ತಲೇ ಇರಲಿಲ್ಲ.

ಆ ವರ್ಷ ಮಾರ್ಚ್ ತಿಂಗಳ ಒಂದು ಅಮಾವಾಸ್ಯೆ. ಬೋಟಿಗೆ ರಜೆ. ಬೆಳಿಗ್ಗೆ ಬೇಲಿಯ ಆಚೆ ಹಾರೆಯ ಸದ್ದು ಕೇಳಿತು. ಬಗ್ಗಿ ನೋಡಿದೆ. ಸುಗುಣನ ತಮ್ಮ ರತೀಶ ಬೇಲಿಗೆ ತಾಗಿದ ಹಾಗೆ ಗುಂಡಿ ತೋಡುತ್ತಿದ್ದ. ಅವನು ಲೈಸೆನ್ಸ್ ಇರುವ ವಯರ್‌ಮ್ಯಾನ್, ಬೈಂದೂರಿನಿಂದ ಬ್ರಹ್ಮಾವರದವರೆಗೆ ಕೆಲಸಕ್ಕೆ ಹೋಗುವವನು.

ಸುಗುಣ ನನ್ನನ್ನು ಕಂಡಳು. "ಹ್ವಾಯ್ ಅಕ್ಕ, ನಮ್ಮನಿಗೆ ಹೊಸತ್ ಅರ್ತ್ ಹಾಕ್ಸ್ತಾ ಇದ್ದೊ. ರತೀಶ ಹ್ಯಾಂಗೂ ಬಂದಿದ್ದ. ನಿಮ್ಮನಿಗೂ ಒಟ್ಟಿಗೇ ಮಾಡ್ಸುವ ಅಲ್ದಾ?"

"ಎಂತ ಅದ್? ಮನಿಗೆ ಬಂದವ್ರಿಗೆ ಕಾಂತಾ?"

"ಕಾಂತಿಲ್ಲೆ ಅಕ್ಕ. ಅದ್ ಮಣ್ಣಿನಡಿಗೆ ಹೋಪುದ್."

"ಹಾಂಗಾರೆ ನಂಗ್ ಬೇಡ."

ನಾನು ಸುಳ್ಳು ಹೇಳಲಿಲ್ಲ. ಕಾಣದ ವಸ್ತುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ, ಹೊಟ್ಟೆಕಿಚ್ಚು ಬಾರದೆ ನಾನು ಯಾವುದನ್ನೂ ತರಿಸಿದವಳೂ ಅಲ್ಲ.

ಮಧ್ಯಾಹ್ನ ರತೀಶ ಬೇಲಿ ದಾಟಿ ಬಂದು ಅತ್ತೆಯನ್ನು ಮಾತಾಡಿಸಿದ. ಕುಡಿಯಲು ನೀರು ಕೊಟ್ಟೆ. ಅವನ ಕಣ್ಣು ಮಾತ್ರ ನಮ್ಮ ಗೋಡೆಯ ಮೇಲೆಯೇ.

"ಗಿರಿಜಕ್ಕ, ನಿಮ್ಮನಿ ಅರ್ತ್ ತಂತಿ ಎಲ್ಲಿತ್ತ್?"

"ಯಾವ್ ತಂತಿ? ಮೀಟ್ರ್ ಬೋರ್ಡಿನಡಿಗೆ ಒಂದ್ ತಂತಿ ಸುಮ್ನೆ ನೇತಾಡ್ತಿದ್ದಿತ್. ಇವ್ರ್ ಅದನ್ನ ಎಳ್ದ್ ಬಸಳೆ ಚಪ್ಪರಕ್ಕೆ ಕಟ್ಟಿರ್. ಚಪ್ಪರ ಗಟ್ಟಿ ನಿಂತಿತ್ತ್ ಕಾಣ್."

ರತೀಶ ನೀರಿನ ಚೊಂಬು ಕೆಳಗಿಟ್ಟು ಹೋಗಿ ಚಪ್ಪರ ನೋಡಿ ಬಂದ. ಮತ್ತೆ ಫ್ರಿಜ್ಜಿನ ಪ್ಲಗ್ ನೋಡಿದ.

"ಇದ್ರ್ ಮೂರ್ನೇ ಪಿನ್ ಎಲ್ಲಿ?"

"ಬೋರ್ಡಿಗೆ ಎರಡೇ ತೂತ್ ಇಪ್ಪುದ್. ಹೊಕ್ಕಲಿಲ್ಲೆ. ಗರಗಸದಲ್ಲ್ ಕೊಯ್ದ್ ಹಾಕಿರ್."

"ಅಕ್ಕ, ಆ ದಪ್ಪ ಪಿನ್ನೇ ಅರ್ತ್. ಫ್ರಿಜ್ಜಿನ ಮೈಗೆ ಕರೆಂಟ್ ಬಂದ್ರೆ ಅದ್ ಮಣ್ಣಿಗೆ ಇಳ್ದ್ ಹೋಪುದ್ ಆ ಪಿನ್ನಿನ ದಾರಿಯಗೆ. ನೀವ್ ದಾರಿಯನ್ನೇ ಕೊಯ್ದ್ರ್ಯಲೆ? ಮತ್ತೆ ಮನಿ ಅರ್ತನ್ನ ಚಪ್ಪರಕ್ಕೆ ಕಟ್ಟಿದ್ರಿ. ನಾಳೆ ಮಿಕ್ಸಿಯಗೋ ಪಂಪಿನಗೋ ಕರೆಂಟ್ ಸೋರಿದ್ರೆ ಬಸಳೆ ಕೊಯ್ಯುಕೆ ಹೋದವ್ರ್ ಗತಿ ಎಂತ?"

"ಆರ್ ವರ್ಷ ಆಯ್ತ್, ಎಂತದೂ ಆಯ್ಲಿಲ್ಲೆ. ನಿನ್ನಕ್ಕ ಹೇಳಿ ಕಳ್ಸಿದ್ಲಾ ನಿನ್ನ?"

ರತೀಶ ಬೇಲಿ ದಾಟಿ ಮತ್ತೆ ತನ್ನ ಗುಂಡಿಗೆ ಇಳಿದ. ನಾನು ಮತ್ತೆ ಬೇಲಿಯ ಹತ್ತಿರ ನಿಂತೆ. ನೋಡದೆ ಇರುವುದು ನನ್ನಿಂದಾಗದು. ಗುಂಡಿ ಆಳುದ್ದಕ್ಕಿಂತ ಹೆಚ್ಚು ಇಳಿದಿತ್ತು. ಅಕ್ಕ ತಮ್ಮ ಸೇರಿ ಅದರಲ್ಲಿ ಕಬ್ಬಿಣದ ಉದ್ದ ಪೈಪ್ ನಿಲ್ಲಿಸಿದರು. ಸುತ್ತ ಒಂದು ಬುಟ್ಟಿ ಇದ್ದಿಲು ಸುರಿದರು. ಅದರ ಮೇಲೆ ಉಪ್ಪು ಸುರಿದರು. ಮತ್ತೆ ಇದ್ದಿಲು, ಮತ್ತೆ ಉಪ್ಪು. ಕೊನೆಗೆ ಸುಗುಣ ಒಂದು ಕೊಡಪಾನ ನೀರು ಹೊಯ್ದಳು. ಮರುದಿನವೂ ಹೊಯ್ದಳು. ದಿನ ಬೆಳಗಾದರೆ ತುಳಸಿಗೆ ನೀರು ಹೊಯ್ದು, ಹಾಗೆಯೇ ಬಂದು ಆ ಪೈಪಿಗೂ ಹೊಯ್ಯುವಳು.

ಅಮಾವಾಸ್ಯೆ. ಗಡಿ. ಗುಂಡಿ. ಉಪ್ಪು, ಇದ್ದಿಲು. ನೀವೇ ಹೇಳಿ, ನಮ್ಮ ಕಡೆಯ ಯಾವ ಹೆಂಗಸಿಗೆ ಸಂಶಯ ಬಾರದೆ ಇರುತ್ತದೆ? ಆ ವಾರವೇ ಅತ್ತೆಗೆ ಎರಡು ಸಲ ಉಬ್ಬಸ ಬಂತು. ಬೋಟಿಗೂ ಮೀನು ಕಡಿಮೆಯಾಯಿತು. ಶೇಖರ ಅದೇ ಬೋಟಿನಲ್ಲಿದ್ದಾನೆ, ಅವನಿಗೂ ಕಡಿಮೆಯೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನವರ ತಲೆಗೆ ಅಂಥದ್ದೆಲ್ಲ ಹೊಳೆಯುವುದಿಲ್ಲ. ಸುಗುಣ ಮಾಟ ಮಾಡಿಸಿದ್ದಾಳೆ ಎಂದು ತೀರ್ಮಾನ ಮಾಡಿದೆ. ನನ್ನ ದೊಡ್ಡ ಟಿವಿ, ಎರಡು ಬಾಗಿಲಿನ ಫ್ರಿಜ್, ನನ್ನ ಅತ್ತೆ, ಎಲ್ಲದರ ಮೇಲೂ ಕಣ್ಣು ಹಾಕಿದ್ದಾಳೆ ಎಂದುಕೊಂಡೆ. ನಿಜ ಹೇಳುವುದಾದರೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಅಂತೂ ಅವಳಿಗೂ ಹೊಟ್ಟೆಕಿಚ್ಚಿದೆಯಲ್ಲ!

ಮಾಟಕ್ಕೆ ಮದ್ದು ಮಾಡಬೇಕಲ್ಲ. ಅರಶಿನ ಸುಣ್ಣ ಕಲಸಿ ದೃಷ್ಟಿ ತೆಗೆಯುವ ಕೆಂಪು ಕುರ್ದಿ ನೀರು ಮಾಡಿದೆ. ಸುಗುಣ ಸಂಜೆ ಅಂಗಡಿಗೆ ಹೋದ ಹೊತ್ತು ನೋಡಿ ಬೇಲಿಯ ಸಂದಿನಿಂದ ಕೈ ಹಾಕಿ ಆ ಪೈಪಿಗೆ ಹೊಯ್ದೆ. ಒಂದು ದಿನಕ್ಕೆ ಸಾಲದು ಎಂದು ದಿನಾ ಹೊಯ್ದೆ. ಎರಡು ತಿಂಗಳು, ಒಂದು ದಿನ ತಪ್ಪಿಸಲಿಲ್ಲ.

ಮೇ ತಿಂಗಳ ಕೊನೆಯ ವಾರ. ಅಣ್ಣ ತಮ್ಮ ಇಬ್ಬರೂ ಬೋಟಿಗೆ ಹೋಗಿದ್ದರು. ಸಂಜೆ ನಾಲ್ಕು ಗಂಟೆಗೆ ಪೂರ್ವದ ಕಡೆ ಆಕಾಶ ಕಪ್ಪಾಯಿತು. ದೂರದಲ್ಲಿ ಗುಡುಗಿತು. ಅತ್ತೆ ಎದ್ದು ಹೋಗಿ ಕತ್ತಿ ತಂದು ಅಂಗಳಕ್ಕೆ ಬಿಸಾಡಿದರು. ಗುಡುಗಿದರೆ ಅಂಗಳಕ್ಕೆ ಕಬ್ಬಿಣ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು, ಸಿಡಿಲು ಮನೆ ಬಿಟ್ಟು ಅದಕ್ಕೆ ಬೀಳುತ್ತದೆ ಎಂದು ನಂಬಿಕೆ. "ಅರ್ಜುನ, ಅರ್ಜುನ" ಎನ್ನುತ್ತಾ ಬಂದು ಕೂತರು. ನಾನು ಟಿವಿ ನೋಡುತ್ತಿದ್ದೆ.

ಬೇಲಿಯಾಚೆಯಿಂದ ಸುಗುಣನ ಕೂಗು. "ಅಕ್ಕಾ! ಪ್ಲಗ್ ಎಲ್ಲ ತೆಗಿನಿ! ಡಿಶ್ಶಿನ ವಯರೂ ಎಳೀನಿ! ಗುಡ್ಗ್ ಹತ್ರ ಬತ್ತಾ ಇತ್ತ್!"

ಅವಳು ಹೇಳಿದ್ದಕ್ಕೇ ನಾನು ತೆಗೆಯಲಿಲ್ಲ. ಬೇರೆ ಯಾರು ಹೇಳಿದ್ದರೂ ತೆಗೆಯುತ್ತಿದ್ದೆನೇನೋ. ತೆಗೆಯಲಿಲ್ಲ ಮಾತ್ರವಲ್ಲ, ಅವಳಿಗೆ ಕೇಳಲಿ ಎಂದು ಟಿವಿಯ ಸದ್ದು ಜೋರು ಮಾಡಿದೆ.

ಐದು ನಿಮಿಷ ಆಗಿರಬಹುದು. ಬಲ್ಬು ಒಮ್ಮೆಲೇ ಹಾಲಿನಂತೆ ಬೆಳ್ಳಗೆ ಉರಿಯಿತು. ಕಿವಿ ಗಡಚಿಕ್ಕುವ ಶಬ್ದ. ಟಿವಿಯ ಒಳಗೆ ಫಟ್ ಎಂದಿತು. ಫ್ರಿಜ್ ಗುರ್ ಎಂದು ಒಮ್ಮೆ ನಡುಗಿ ನಿಂತೇಹೋಯಿತು. ಸ್ವಿಚ್ ಬೋರ್ಡಿನಲ್ಲಿ ಕಿಡಿ ಹಾರಿತು. ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ದಾರಿಯ ಕಂಬದ ಲೈನಿಗೆ. ಲೈನಿನಿಂದ ಮನೆಯೊಳಗೆ ಹರಿದು ಬಂದದ್ದು.

ಮೊದಲು ನನ್ನ ಕಣ್ಣು ಹೋದದ್ದು ಎಲ್ಲಿಗೆ ಗೊತ್ತೇ? ಸುಗುಣನ ಮನೆಗೆ. ಅವಳ ಮನೆಯಿಂದ ಹೊಗೆ ಬರಲಿಲ್ಲ, ಕೂಗು ಕೇಳಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಮಳೆ ಹನಿಯುತ್ತಿದ್ದರೂ ಅಂಗಳಕ್ಕೆ ಇಳಿದು ಬೇಲಿ ಹಿಡಿದು ಬಾಯಿಗೆ ಬಂದಂತೆ ಬೈದೆ.

"ಮಾಟ ಮಾಡ್ಸಿ ನನ್ ಮನಿ ಸುಡ್ಸಿದೆಯಲೆ! ಈಗ ನಿನ್ನ ಹೊಟ್ಟಿ ತಂಪಾಯ್ತಾ?"

ಸುಗುಣ ಜಗಲಿಗೆ ಬಂದು ನಿಂತಳು. ಅವಳಿಗೆ ನನ್ನ ಬೈಗುಳ ಅರ್ಥವಾಯಿತೋ ಇಲ್ಲವೋ. ಅವಳು ನೋಡಿದ್ದು ನನ್ನ ಬೆನ್ನ ಹಿಂದೆ.

"ಅಕ್ಕ, ಅತ್ತೆ!"

ತಿರುಗಿದೆ. ಟಿವಿಯಿಂದ ಕಪ್ಪು ಹೊಗೆ ಬಾಗಿಲ ಹೊರಗೆ ಬರುತ್ತಿತ್ತು. ಅತ್ತೆ ಹೊಸ್ತಿಲ ಮೇಲೆ ಕೈಯೂರಿ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದರು. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ. ನಾನು ಇಲ್ಲಿ ನಿಂತು ಬೈಯುತ್ತಿದ್ದಷ್ಟು ಹೊತ್ತೂ ಅವರು ಅದನ್ನೇ ಕುಡಿದಿದ್ದರು.

ಓಡಿಹೋಗಿ ಗಾಳಿ ಮಿಷನ್ ಒತ್ತಿದೆ. ಸದ್ದಿಲ್ಲ. ಕರೆಂಟ್ ಹೋಗಿದೆ ಎಂದು ನೆನಪಾಯಿತು. ಸುಗುಣ ಬೇಲಿ ಸರಿಸಿಕೊಂಡೇ ನುಗ್ಗಿ ಬಂದಳು. "ನಮ್ಮನಿಗೆ ಇನ್ವರ್ಟರ್ ಇತ್ತ್, ಮಿಷನ್ ತಕಂಡ್ ಬನ್ನಿ" ಎಂದು ಅತ್ತೆಯನ್ನು ತೋಳಲ್ಲಿ ಎತ್ತಿಕೊಂಡು ಹೋದಳು. ಅವಳ ಮನೆಯಲ್ಲಿ ಮಿಷನ್ ಹಾಕಿದೆವು. ಒಂದು ಸಲ ಒತ್ತಿದೆ, ಹತ್ತು ಸಲ ಒತ್ತಿದೆ. ಹಿಂದಿನಿಂದ ಮೂಸಿದರೆ ಅದೇ ಸುಟ್ಟ ವಾಸನೆ. ಯಾವಾಗ ಬೇಕಾಗುತ್ತದೋ ಎಂದು ಪ್ಲಗ್ಗಿನಲ್ಲೇ ಬಿಟ್ಟಿದ್ದ ಮಿಷನ್, ಬೇಕಾದಾಗ ಸತ್ತುಹೋಗಿತ್ತು.

ಅತ್ತೆಯ ತುಟಿ ನೀಲಿಯಾಗಿತ್ತು. ಸುಗುಣ ಫೋನು ಮಾಡಿ ರಿಕ್ಷಾ ಕರೆಸಿದಳು. ದಾರಿಯುದ್ದಕ್ಕೂ ಅತ್ತೆಯ ತಲೆ ಅವಳ ಎದೆಗೆ ಒರಗಿತ್ತು, ಕಾಲು ನನ್ನ ಮಡಿಲಲ್ಲಿತ್ತು. ನಾನು ಕಾಲು ತಿಕ್ಕುತ್ತಾ ಕೂತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನನಗೆ ಅನಿಸಿದ್ದು, ತಲೆ ನನ್ನ ಕಡೆ ಇರಬೇಕಿತ್ತು ಎಂದು.

ಕುಂದಾಪುರದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ನಾಲ್ಕನೆಯ ದಿನ ಬಿಟ್ಟರು. ಅಣ್ಣ ತಮ್ಮ ಸೇರಿ ಹೊಸ ಗಾಳಿ ಮಿಷನ್ ತಂದಿದ್ದರು. ರಿಕ್ಷಾ ನಮ್ಮ ದಾರಿಗೆ ತಿರುಗಿದಾಗ ಅತ್ತೆ ಹೇಳಿದರು:

"ಸುಗುಣನ ಮನಿಯೆದ್ರ್ ನಿಲ್ಸ್. ನಾನ್ ಅಲ್ಲಿಗೆ ಹೋತೆ."

"ಎಂತಕ್ಕೆ ಅತ್ತೆ? ನನ್ನಿಂದ ಎಂತ ತಪ್ಪಾಯ್ತ್?"

"ಸಿಟ್ಟಲ್ಲ ಗಿರ್ಜಾ. ಈ ಮಿಷನ್ ಅಲ್ಲಿದ್ರೆ ಉಳಿತ್ತ್. ನಿನ್ ಮನೆಗೆ ಇದ್ರೆ ಇನ್ನೊಂದ್ ಗುಡ್ಗಿಗೆ ಇದೂ ಹೋತ್ತ್, ನಾನೂ ಹೋತೆ."

ಅತ್ತೆ ಇಳಿದರು. ಮಿಷನ್ ಎದೆಗೆ ಒತ್ತಿ ಹಿಡಿದುಕೊಂಡು ಆಚೆ ಮನೆಯ ಮೆಟ್ಟಿಲು ಹತ್ತಿದರು. ನಾನು ಖಾಲಿ ರಿಕ್ಷಾದಲ್ಲಿ ನಮ್ಮ ಅಂಗಳಕ್ಕೆ ಬಂದೆ.

ಟಿವಿ ಸುಟ್ಟಾಗ ಆಗದ ಉರಿ ಆಗ ಆಯಿತು. ಮೂರು ದಿನ ನಾನು ಬೇಲಿಯ ಕಡೆ ಹೋಗಲಿಲ್ಲ, ಕಿವಿ ಮಾತ್ರ ಅಲ್ಲೇ ಇತ್ತು. ಅತ್ತೆ ಸುಗುಣನ ಜಗಲಿಯಲ್ಲಿ ಕೂತು ನಗುತ್ತಿದ್ದರು. ಅತ್ತೆಗೆ ಇಷ್ಟವಾದ ಬೊಳಂಜಿರ್ ಮೀನು ಕರಿಯುವ ವಾಸನೆ ಅಲ್ಲಿಂದ ಬಂತು. ನನ್ನ ಗಂಡ ಅಲ್ಲಿಗೇ ಹೋಗಿ ತಾಯಿಯ ಜತೆ ಊಟ ಮಾಡಿ ಬಂದರು. "ಲಾಯ್ಕ್ ಕರ್ದಿದ್ಲ್" ಎಂದು ನನ್ನೆದುರಿಗೇ ಹೇಳಿದರು. ಆ ದಿನ ನಾನು ಉಣ್ಣಲಿಲ್ಲ.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಸುಗುಣನ ಜಗಲಿಗೆ ಹೋಗಿ ನಿಂತೆ. ರತೀಶನೂ ಅಲ್ಲಿದ್ದ, ಅತ್ತೆಯನ್ನು ನೋಡಲು ಬಂದಿದ್ದ.

"ಸುಗುಣ, ಅತ್ತೆನ್ನ ನಂಗೆ ಕೊಡ್."

"ಅತ್ತೆ ಎಂತ ಪಾತ್ರೆಯಾ ಅಕ್ಕ, ಕೊಡುಕೆ?"

"ಹಾಂಗಾರೆ ಆ ಗುಂಡಿಯಗೆ ಎಂತ ಹೂತಿದ್ರಿ, ಅದನ್ನಾರೂ ಹೇಳಿ. ಒಂದೇ ಲೈನ್, ಒಂದೇ ಸಿಡ್ಲ್. ನನ್ ಮನಿ ಮಾತ್ರ ಎಂತಕ್ಕೆ ಸುಟ್ಟದ್? ಅಲ್ಲಿ ಮಾಟ ಇಲ್ದಿದ್ರೆ ಉಪ್ಪ್ ಎಂತಕ್ಕೆ, ಇದ್ಲ್ ಎಂತಕ್ಕೆ?"

ರತೀಶ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಚಾಪೆಯ ಮೇಲೆ ಸರಿದು ಜಾಗ ಮಾಡಿಕೊಟ್ಟ.

"ಕೂಕಣಿ ಗಿರಿಜಕ್ಕ. ನಮ್ದ್ ಕಡ್ಲ ಕರೆ ಹೊಯ್ಗೆ ಜಾಗ ಅಲ್ದಾ? ಹೊಯ್ಗೆ ಒಣಗಿದ್ರೆ ಅದ್ರಗೆ ಕರೆಂಟ್ ಇಳಿತಿಲ್ಲೆ. ಇದ್ಲ್ ನೀರಿನ ಪಸೆ ಹಿಡ್ಕಂಡಿರ್ತ್ತ್. ಉಪ್ಪ್ ಇದ್ರೆ ಕರೆಂಟ್ ಸಲೀಸಾಯಿ ಇಳಿತ್ತ್. ಅದಕ್ಕೇ ಬೇಸಗಿಯಲ್ಲ್ ದಿನಾ ನೀರ್ ಹೊಯ್ಯುದ್. ಮಾಟವೂ ಇಲ್ಲೆ, ಮಂತ್ರವೂ ಇಲ್ಲೆ."

ಅತ್ತೆ ಒಳಗಿನಿಂದ ಕೇಳಿದರು. "ನಾನ್ ಕತ್ತಿ ಬಿಸಾಡಿದ್ನಲೆ ಮಗಾ? ಅದ್ ಎಂತಕ್ಕೆ ಬಂದದ್ದ್?"

"ಅದ್ ಅಂಗಳದ ಮೇಲೆ ಬಿದ್ಕಂಡಿರ್ತ್ತ್ ಅಜ್ಜಿ, ಸಿಡ್ಲನ್ನ ಎಂತದೂ ಮಾಡ್ತಿಲ್ಲೆ. ಲೈನಿನಲ್ಲ್ ಮನಿಯೊಳ್ಗೆ ಬಂದದ್ದನ್ನ ಅದ್ ಹ್ಯಾಂಗೆ ಹಿಡಿತ್ತ್? ಗುಡ್ಗುವಾಗ ಕತ್ತಿ ಹಿಡ್ಕಂಡ್ ಹೊರ್ಗೆ ಹೋಪುದೇ ಅಪಾಯ. ಇನ್ ಮುಂದೆ ಹೋಪುಕಾಗ."

"ಹಾಂಗಾರೆ ಸುಗುಣನ ಮನಿ ಉಳ್ದದ್ದ್ ಆ ಗುಂಡಿಯಿಂದಲಾ?" ನಾನು ಕೇಳಿದೆ.

"ಗುಂಡಿಯೊಂದ್ರಿಂದ ಅಲ್ಲ. ಸುಳ್ ಹೇಳುಕಾಗ. ಮೊದ್ಲ್ ಉಳ್ಸಿದ್ದ್ ಅಕ್ಕ ಪ್ಲಗ್ ತೆಗ್ದದ್ದ್. ಸ್ವಿಚ್ ಆಫ್ ಮಾಡಿದ್ರೆ ಸಾಲ, ಪ್ಲಗ್ಗನ್ನೇ ಎಳ್ದ್ ತೆಗಿಕ್. ಡಿಶ್ಶಿನ ವಯರ್, ಫೋನಿನ ವಯರ್ ಸಮೇತ. ಅದೂ ಗುಡ್ಗ್ ದೂರ ಇಪ್ಪತಿಗೇ. ತಲಿ ಮೇಲೆ ಬಂದ್ಮೇಲೆ ಪ್ಲಗ್ ಮುಟ್ಟುಕೆ ಹೋಪುಕಾಗ. ಎರಡನೇದ್ ಮೀಟ್ರ್ ಬೋರ್ಡಿನಲ್ಲ್ ಹಾಕಿದ್ ಈ ಡಬ್ಬಿ ಕಾಣಿ, ಸರ್ಜ್ ಪ್ರೊಟೆಕ್ಟರ್ ಅಂತ್ರ್. ಲೈನಿನಲ್ಲ್ ಒಮ್ಮೆಲೇ ಹೆಚ್ಚಿಗಿ ಬಂದ ಕರೆಂಟನ್ನ ಇದ್ ಅರ್ತಿಗೆ ತಿರ್ಗಿಸ್ತ್ತ್. ಆದ್ರೆ ತಿರ್ಗ್ಸುಕೆ ಅರ್ತ್ ಸಮ ಇರ್ಕಲೆ? ನಿಮ್ಮನ್ಯಗೆ ಈ ಡಬ್ಬಿ ಹಾಕಿದ್ರೂ ಅದ್ ಬಸಳಿಗೇ ಹೋತಿದ್ದಿತ್."

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯ ತಂತಿ ನಾವೇ ಕಿತ್ತು, ಪಿನ್ ನಾವೇ ಕೊಯ್ದು, ಓರಗಿತ್ತಿಗೆ ಮಾಟಗಾತಿ ಎಂದಿದ್ದೆ.

"ನಾನ್ ನಿಂಗೆ ಹಾಂಗ್ ಬೈದೆ. ನೀನ್ ಒಂದ್ ಮಾತ್ ತಿರ್ಗಿ ಹೇಳ್ಲಿಲ್ಲೆ" ಎಂದೆ ಸುಗುಣನಿಗೆ. "ನಿಂಗೆ ಸಿಟ್ಟೇ ಬಪ್ಪುದಿಲ್ಯಾ? ಹೊಟ್ಟಿಕಿಚ್ಚೂ ಇಲ್ಲೆ ನಿಂಗೆ. ನೀನೆಂತ ಮನ್ಷಿಯಾ, ಕಲ್ಲಾ?"

ಸುಗುಣ ಸೆರಗಿನ ತುದಿ ಮಡಚಿದಳು. "ಅಕ್ಕ, ಆ ಪೈಪಿಗೆ ಕೆಂಪ್ ನೀರ್ ಹೊಯ್ತಿದ್ದದ್ದ್ ನೀವ್ ಅಂತ ನಂಗ್ ಗೊತ್ತಿತ್ತ್. ಹೊಯ್ಲಿ, ಗುಂಡಿ ಒದ್ದಿ ಆತ್ತಲೆ ಅಂದ್ಕಂಡ್ ಸುಮ್ನಿದ್ದೆ."

ನೆಲ ಬಾಯ್ದೆರೆಯಬಾರದೇ ಎನಿಸಿತು.

"ಹೊಟ್ಟಿಕಿಚ್ಚ್ ಇಲ್ಲೆ ಅಂತ ಯಾರ್ ಹೇಳಿದ್ರ್?" ಅವಳು ಮುಂದುವರಿಸಿದಳು. "ಒಂಬತ್ತ್ ವರ್ಷ ಅತ್ತೆ ನಿಮ್ ಜಗ್ಲಿಯಗೆ ಕೂಕಂಡ್ ನಿಮ್ಮ ಒಟ್ಟಿಗೆ ನಗ್ತಿದ್ರೆ ನಾನ್ ಆಚಿಂದ ಕಾಣ್ತಿದ್ದೆ. ನಂಗೆ ಹೆತ್ತ ಅಬ್ಬಿ ಇಲ್ಲೆ. ನಿಮ್ ಟಿವಿ, ಫ್ರಿಜ್ ಯಾರಿಗೆ ಬೇಕ್? ನಂಗ್ ಬೇಕಿದ್ದದ್ದ್ ಅತ್ತೆ. ಈಗ ಸಿಕ್ಕಿರ್. ಬಿಟ್ಟ್ ಕೊಡ್ ಅಂತ್ರಿ."

ಇಷ್ಟು ವರ್ಷ ಯಾವುದನ್ನು ನೋಡಬೇಕೆಂದು ನಾನು ಹಂಬಲಿಸಿದ್ದೆನೋ ಅದು ಕಣ್ಣೆದುರಿಗೇ ಇತ್ತು. ಖುಷಿಯಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. ಕ್ಷಮಿಸು ಎನ್ನಲು ನಮ್ಮ ಮಾತಿನಲ್ಲಿ ಶಬ್ದವೇ ಇಲ್ಲ, ಕೈ ಹಿಡಿಯುವುದೊಂದೇ. ಮತ್ತೆ ರತೀಶನ ಕಡೆ ತಿರುಗಿ ಹೇಳಿದೆ.

"ನಾಳೆ ಬಾ. ನಮ್ಮನಿಗೂ ಮಾಡ್."

ಮರುದಿನ ರತೀಶ ಮೊದಲು ಮೈನ್ ಸ್ವಿಚ್ ಆಫ್ ಮಾಡಿ ಬಸಳೆ ಚಪ್ಪರದಿಂದ ತಂತಿ ಬಿಚ್ಚಿದ. ಉಪ್ಪುಗಾಳಿಗೆ ಅದು ಅರ್ಧ ತುಕ್ಕಾಗಿ ಕೈಯಲ್ಲೇ ಮುರಿಯಿತು. ನನ್ನ ಗಂಡ ಮತ್ತು ಶೇಖರ ಸೇರಿ ಗುಂಡಿ ತೋಡಿದರು. ಇದ್ದಿಲು, ಉಪ್ಪು ನಾನೇ ಸುರಿದೆ. ಹೊಸ ತಂತಿ, ಮೂರು ತೂತಿನ ಬೋರ್ಡು, ಸರ್ಜ್ ಪ್ರೊಟೆಕ್ಟರ್ ಎಲ್ಲ ರತೀಶ ಹಾಕಿದ. ಫ್ರಿಜ್ಜನ್ನು ರಿಪೇರಿ ಮಾಡಿಸಿ ಹೊಸ ಪ್ಲಗ್ ಹಾಕಿಸಿ, ವೋಲ್ಟೇಜ್ ಹೆಚ್ಚು ಕಡಿಮೆಯಾದರೆ ತಾನೇ ಬಂದ್ ಆಗುವ ಸ್ಟೆಬಿಲೈಸರ್ ಇಟ್ಟೆವು. ಟಿವಿ ದುರಸ್ತಿಯಾಗಲಿಲ್ಲ. ಆ ವರ್ಷ ನಾವು ಟಿವಿ ಇಲ್ಲದೆ ಕಳೆದೆವು.

ಅತ್ತೆ ಬಂದು ಎಲ್ಲವನ್ನೂ ನೋಡಿದರು. ರತೀಶನಿಂದ ಅರ್ತ್ ಪರೀಕ್ಷೆ ಮಾಡಿಸಿ ಅವನ ಮೀಟರಿನ ಮುಳ್ಳನ್ನೂ ನೋಡಿದರು. ಬಳಿಕ ನಮ್ಮಿಬ್ಬರನ್ನೂ ಕರೆದು ತೀರ್ಪು ಹೇಳಿದರು.

"ಹದ್ನೈದ್ ದಿನ ಇಲ್ಲಿ, ಹದ್ನೈದ್ ದಿನ ಅಲ್ಲಿ. ಪ್ಲಗ್ ತೆಗ್ಯದ ಮನೆಗೆ ಒಂದ್ ದಿನವೂ ಇಲ್ಲೆ."

ಈಗ ಎಲ್ಲಿಯಾದರೂ ಗುಡುಗಿದರೆ ಸಾಕು, ಬೇಲಿಯ ಎರಡೂ ಕಡೆ ಓಡಾಟ. ಅತ್ತೆ ಯಾರ ಮನೆಯಲ್ಲಿದ್ದರೂ ಇಬ್ಬರೂ ಪ್ಲಗ್ ತೆಗೆಯುತ್ತೇವೆ, ಮೊದಲು ಗಾಳಿ ಮಿಷನ್ನಿನದು. ಮೂವತ್ತೊಂದು ದಿನದ ತಿಂಗಳಲ್ಲಿ ಆ ಹೆಚ್ಚಿನ ಒಂದು ದಿನ ಯಾರದು ಎಂದು ನನಗೂ ಸುಗುಣನಿಗೂ ಇವತ್ತಿಗೂ ಜಗಳವಿದೆ. ಈ ಜಗಳಕ್ಕೆ ಅವಳೂ ಬರುತ್ತಾಳೆ.

ಅಕ್ಕಂದಿರೇ, ತಂಗಿಯಂದಿರೇ, ಓದಿ ಮುಗಿಸಿ ಸುಮ್ಮನೆ ಕೂರಬೇಡಿ. ಎದ್ದು ಹೋಗಿ ನಿಮ್ಮ ಫ್ರಿಜ್ಜಿನ ಪ್ಲಗ್ ನೋಡಿ, ಮೂರನೆಯ ಪಿನ್ ಇದೆಯೇ? ಮೀಟರ್ ಬೋರ್ಡಿನಿಂದ ಇಳಿದ ಅರ್ತ್ ತಂತಿ ಎಲ್ಲಿಗೆ ಹೋಗಿದೆ ಎಂದು ಅದರ ಹಿಂದೆಯೇ ನಡೆದು ನೋಡಿ, ಆದರೆ ಕೈಯಲ್ಲಿ ಮುಟ್ಟಬೇಡಿ. ನಮ್ಮದು ಸಮುದ್ರದ ಉಪ್ಪುಗಾಳಿ, ತಂತಿ ತುಕ್ಕು ಹಿಡಿಯಲು ಹೆಚ್ಚು ವರ್ಷ ಬೇಡ. ತುಂಡಾಗಿದ್ದರೆ ಲೈಸೆನ್ಸ್ ಇರುವ ವಯರ್‌ಮ್ಯಾನ್‌ನನ್ನೇ ಕರೆಯಿರಿ, ನೀವೇ ಕೈ ಹಾಕಬೇಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಲು ಬಿಡಬೇಡಿ. ಬಲ್ಬು ಒಮ್ಮೆಲೇ ವಿಪರೀತ ಬೆಳಗಿದರೆ, ಇಲ್ಲವೇ ಒಂದು ಕೋಣೆಯಲ್ಲಿ ಮಂಕಾಗಿ ಇನ್ನೊಂದರಲ್ಲಿ ಜೋರಾಗಿ ಉರಿದರೆ, ತಕ್ಷಣ ಮೈನ್ ಸ್ವಿಚ್ ಆಫ್ ಮಾಡಿ ಕರೆಂಟ್ ಆಫೀಸಿಗೆ ಫೋನು ಮಾಡಿ. ಕರೆಂಟ್ ಹೋಗಿ ಬಂದಾಗ ಐದು ನಿಮಿಷ ಬಿಟ್ಟು ಫ್ರಿಜ್ ಹಾಕಿ. ಗುಡುಗು ದೂರವಿರುವಾಗಲೇ ಎಲ್ಲ ಪ್ಲಗ್ ತೆಗೆಯಿರಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ. ಅವರು ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಡುವವರಾದರೆ ಎರಡು ಸಲ ಕೂಗಿ.

ಟಿವಿ ಸುಟ್ಟರೆ ಇನ್ನೊಂದು ತರಬಹುದು. ನಿಮ್ಮ ಮನೆಯಲ್ಲೂ ಒಬ್ಬರ ಉಸಿರು ಒಂದು ಪ್ಲಗ್ಗನ್ನು ನಂಬಿಕೊಂಡಿರಬಹುದು. ಅವರಿಗಾಗಿ ಇವತ್ತೇ ನೋಡಿ, ನಾಳೆ ಗುಡುಗುತ್ತದೋ ಏನೋ.